ಉಸಿರು ಉಳಿದ ಮೇಲೆ

1952ರಲ್ಲಿ ಅಮೆರಿಕದಾದ್ಯಂತ ಸುಮಾರು 58,000 ಮಂದಿ ಪೋಲಿಯೊ ರೋಗಕ್ಕೆ ತುತ್ತಾದರು. ಅವರಲ್ಲಿ ಮಕ್ಕಳೇ ಅಧಿಕ. ಆ ಬೇಸಿಗೆಯಲ್ಲಿ ಡಲ್ಲಾಸ್ ಪ್ರದೇಶದ ಆರು ವರ್ಷದ ಬಾಲಕ ಪಾಲ್ ಅಲೆಕ್ಸಾಂಡರ್ ಕೆಲವೇ ದಿನಗಳಲ್ಲಿ ಕೈಕಾಲುಗಳ ಸ್ವಾಧೀನವನ್ನೂ ಉಸಿರಾಡುವ ಶಕ್ತಿಯನ್ನೂ ಕಳೆದುಕೊಂಡನು. ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ವೈದ್ಯರು ಶ್ವಾಸನಾಳಕ್ಕೆ ರಂಧ್ರ ಮಾಡಿ, ‘ಕಬ್ಬಿಣದ ಶ್ವಾಸಕೋಶ’ವೆಂಬ ಯಂತ್ರದಲ್ಲಿರಿಸಿ ಅವನನ್ನು ಉಳಿಸಿದರು. ತಲೆಯೊಂದನ್ನು ಬಿಟ್ಟು ಇಡೀ ದೇಹ ಯಂತ್ರದೊಳಗೆ. ಮಾತನಾಡಲೂ ಆಗದ ಸ್ಥಿತಿ. ಸುಮಾರು ಹದಿನೆಂಟು ತಿಂಗಳ ಬಳಿಕ ಅವನು ಮನೆಗೆ ಮರಳಿದನು. ಜೀವವೇನೋ ಉಳಿಯಿತು, ಆದರೆ ಹೀಗೆ ಬದುಕುಳಿದ ಮಗುವಿನ ಮನಸ್ಸಿನ ಗತಿಯೇನು? ಈ ಪ್ರಶ್ನೆಯನ್ನು ಕೇಳಲು ವೈದ್ಯಶಾಸ್ತ್ರಕ್ಕೆ ಬಹುಕಾಲ ಹಿಡಿಯಿತು.

ಅದೇ ವರ್ಷ ಕೋಪನ್‌ಹೇಗನ್‌ನಲ್ಲಿ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರು ಪೋಲಿಯೊ ರೋಗಿಗಳ ಶ್ವಾಸನಾಳಕ್ಕೆ ನಳಿಕೆ ಇಳಿಸಿ, ಚೀಲವನ್ನು ಕೈಯಿಂದ ಒತ್ತಿ ಉಸಿರು ತುಂಬಿಸುವ ಕ್ರಮವನ್ನು ಬಳಕೆಗೆ ತಂದರು. ವೈದ್ಯವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ಆ ಚೀಲಗಳನ್ನು ಒತ್ತಿದರು. ಇಂದಿನ ತೀವ್ರ ನಿಗಾ ಘಟಕಗಳ ಮೂಲ ಅಲ್ಲಿದೆ. 1955ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮಕ್ಕಳಿಗೆಂದೇ ಅಂತಹ ಘಟಕ ಆರಂಭವಾಯಿತು.

ಆ ಕಾಲದ ಎಷ್ಟೋ ಆಸ್ಪತ್ರೆಗಳಲ್ಲಿ ತಾಯ್ತಂದೆಯರಿಗೆ ಮಗುವಿನ ಬಳಿ ಇರಲು ಅವಕಾಶವಿರಲಿಲ್ಲ. 1952ರಲ್ಲೇ ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎರಡು ವರ್ಷದ ಮಗುವೊಂದರ ಆಸ್ಪತ್ರೆವಾಸವನ್ನು ಚಿತ್ರೀಕರಿಸಿ, ಅಗಲಿಕೆಯ ನೋವನ್ನು ಜನರ ಕಣ್ಣಿಗೆ ತಂದರು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ವರದಿ ಪೋಷಕರಿಗೆ ಬಾಗಿಲು ತೆರೆಯುವಂತೆ ಶಿಫಾರಸು ಮಾಡಿತು. ಅದೇ ವರ್ಷ ಹೂಸ್ಟನ್‌ನಲ್ಲಿ, ಪೋಲಿಯೊ ಕೇಂದ್ರವನ್ನು ನಡೆಸುತ್ತಿದ್ದ ಮಕ್ಕಳ ವೈದ್ಯ ವಿಲಿಯಂ ಸ್ಪೆನ್ಸರ್ ಅವರ ನೇತೃತ್ವದಲ್ಲಿ ಪುನರ್ವಸತಿ ಸಂಸ್ಥೆಯೊಂದು ತೆರೆಯಿತು. ಬದುಕಿಸಿದರಷ್ಟೇ ಸಾಲದು, ಬಾಳಿಗೆ ಮರಳಿಸಬೇಕು ಎಂಬುದು ಅದರ ಆಶಯ.

ಪಾಲ್ ಬಾಳಿಗೆ ಮರಳಿದ್ದು ಮನೆಯಲ್ಲಿ. ಯಂತ್ರವಿಲ್ಲದೆ ಮೂರು ನಿಮಿಷ ಉಸಿರಾಡಿದರೆ ನಾಯಿಮರಿ ಕೊಡಿಸುವೆನೆಂದು ಚಿಕಿತ್ಸಕಿಯೊಬ್ಬರು ಮಾತು ಕೊಟ್ಟರು. ಸುಮಾರು ಒಂದು ವರ್ಷದ ಅಭ್ಯಾಸದಿಂದ ಅವನು ಅದನ್ನು ಸಾಧಿಸಿದನು. ಮನೆಯಲ್ಲೇ ಓದಿ 1967ರಲ್ಲಿ ಪ್ರೌಢಶಾಲೆ ಮುಗಿಸಿದನು. 1984ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದು ವಕೀಲರಾದರು. 2024ರ ಮಾರ್ಚ್‌ನಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ ನಿಧನರಾದರು.

ಎಲ್ಲ ಮಕ್ಕಳ ಕಥೆಯೂ ಹೀಗೆ ಸಾಗುವುದಿಲ್ಲ. 2008ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದು ತೀವ್ರ ನಿಗಾ ಘಟಕದಲ್ಲಿದ್ದು ಬಂದ 102 ಮಕ್ಕಳನ್ನು ಮೂರು ತಿಂಗಳ ಬಳಿಕ ಮಾತನಾಡಿಸಿತು. ಸುಮಾರು ಮೂರರಲ್ಲೊಂದು ಮಗುವಿನ ನೆನಪಿನಲ್ಲಿ ನಡೆಯದೇ ಇದ್ದ ಭೀಕರ ಸಂಗತಿಗಳು ಉಳಿದಿದ್ದವು. ಅಂಥವರಲ್ಲಿ ಆಘಾತದ ಲಕ್ಷಣಗಳು ಹೆಚ್ಚಾಗಿದ್ದವು. ನಿದ್ರಾಜನಕ ಔಷಧಗಳು, ಆಮ್ಲಜನಕದ ಕೊರತೆ, ನಿದ್ರಾಭಂಗ, ಚಿತ್ತಭ್ರಮೆ, ಅಗಲಿಕೆ ಇವೆಲ್ಲವೂ ಮಿದುಳನ್ನೂ ಮನಸ್ಸನ್ನೂ ಕಾಡಬಲ್ಲವು. ವಯಸ್ಕರಲ್ಲಿ ಕಾಣುವ ಇಂತಹ ತೊಂದರೆಗಳಿಗೆ 2012ರಲ್ಲಿ ‘ತೀವ್ರ ನಿಗಾ ನಂತರದ ಲಕ್ಷಣಕೂಟ’ವೆಂಬ ಹೆಸರು ಬಂದಿತು, 2018ರಲ್ಲಿ ಮಕ್ಕಳಿಗೆ ಹೊಂದುವ ಚೌಕಟ್ಟು ರೂಪುಗೊಂಡಿತು. ಅದು ತಾಯ್ತಂದೆಯರನ್ನೂ ಒಡಹುಟ್ಟಿದವರನ್ನೂ ಒಳಗೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಮಗು ಮರಳಿದೊಡನೆ ದೃಷ್ಟಿ ತೆಗೆದು, ಕಂಟಕ ಕಳೆಯಿತೆಂದು ನಿಟ್ಟುಸಿರು ಬಿಡುತ್ತೇವೆ. ತಿಂಗಳ ನಂತರ ಅದೇ ಮಗು ಪಾಠ ಮರೆತರೆ, ಕತ್ತಲೆಗೆ ಹೆದರಿದರೆ, ಕಾರಣವಿಲ್ಲದೆ ಸಿಡುಕಿದರೆ, ಸೋಮಾರಿ, ಹಠಮಾರಿ ಎನ್ನುತ್ತೇವೆ. ಅದು ಹಠವಾಗಿರದೆ ಇನ್ನೂ ಮುಗಿಯದ ಕಾಯಿಲೆಯ ಭಾಗವಾಗಿರಬಹುದು. ನೆನಪು, ಗಮನ, ನಿದ್ರೆ, ಭಯಗಳ ಬಗ್ಗೆ ಮಕ್ಕಳ ವೈದ್ಯರಿಗೆ ಪೋಷಕರೇ ತಿಳಿಸಬೇಕು. ಕನಿಷ್ಠ ನಾಲ್ಕು ವಾರ ಮನೆಯಲ್ಲಿರಬೇಕಾದ ಮಗುವಿಗೆ, ವೈದ್ಯರ ಪತ್ರವಿದ್ದರೆ, ಟೆಕ್ಸಾಸ್‌ನ ಸಾರ್ವಜನಿಕ ಶಾಲೆಗಳಲ್ಲಿ ಮನೆಪಾಠದ ವ್ಯವಸ್ಥೆಯಿದೆ. 1973ರ ಪುನರ್ವಸತಿ ಕಾಯಿದೆಯ 504ನೆಯ ವಿಧಿಯಡಿ, ಅರ್ಹ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂತಹ ಅನುಕೂಲ ದೊರೆಯಬಹುದು. ಪಾಲ್‌ನ ಬಾಲ್ಯದಲ್ಲಿ ಈ ಕಾಯಿದೆ ಇರಲಿಲ್ಲ. ಇಂದು ಇದೆ, ಸಂಕೋಚವಿಲ್ಲದೆ ಕೇಳಬೇಕು.