ನೂರು ಕಿಲೋ ಮಾರ್ಫಿನ್: ಒಬ್ಬ ಪ್ರೊಫೆಸರ್ ಹಾಕಿದ ಲೆಕ್ಕ

ಕಂಪನಿ ಇನ್ಶೂರೆನ್ಸ್ ಇದೆ, ಕ್ಯಾನ್ಸರ್ ಬಂದ್ರೂ ಹೇಗೋ ನಡೆಯುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ಫೆಲಿಷಿಯಾ ಕ್ನೌಲ್ ಅವರ ಕೆಲಸ ಓದಿದ ಮೇಲೆ ಆ ಧೈರ್ಯ ಸ್ವಲ್ಪ ಅಲುಗಾಡಿತು.

ಕ್ನೌಲ್ ಡಾಕ್ಟರ್ ಅಲ್ಲ, ಅರ್ಥಶಾಸ್ತ್ರಜ್ಞೆ. ಹುಟ್ಟಿದ್ದು ಕೆನಡಾ, ಪಿಎಚ್‌ಡಿ ಹಾರ್ವರ್ಡ್, ಆಗ ಕೆಲಸ ಮಾಡುತ್ತಿದ್ದದ್ದು ಮೆಕ್ಸಿಕೋದಲ್ಲಿ. ಅವರ ಗಂಡ ಹೂಲಿಯೊ ಫ್ರೆಂಕ್ ಅಲ್ಲಿನ ಆರೋಗ್ಯ ಮಂತ್ರಿಯಾಗಿದ್ದಾಗ, ವಿಮೆಯೇ ಇಲ್ಲದವರಿಗಾಗಿ 'ಸೆಗುರೊ ಪಾಪ್ಯುಲಾರ್' ಯೋಜನೆ 2004ರಲ್ಲಿ ಶುರುವಾಯ್ತು. 2007ರಲ್ಲಿ ಕ್ನೌಲ್‌ಗೇ ಸ್ತನ ಕ್ಯಾನ್ಸರ್ ಬಂತು. ಅದೇ ವರ್ಷ ಆ ಯೋಜನೆಗೂ ಸ್ತನ ಕ್ಯಾನ್ಸರ್ ಚಿಕಿತ್ಸೆ ಸೇರಿತು. ಅಲ್ಲಿಂದ ಅವರ ದಾರಿ ಬದಲಾಯ್ತು. ಕಾಯಿಲೆಯನ್ನು ಬೇಗ ಪತ್ತೆಹಚ್ಚಲು ಹೆಂಗಸರಿಗೆ ತಿಳಿಹೇಳುವ ಸಂಸ್ಥೆ ಕಟ್ಟಿದರು. 2010ರಲ್ಲಿ ಜೊತೆಗಾರರ ಸಂಗಡ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು: ಕ್ಯಾನ್ಸರ್ ಹೊರೆಯ ಸುಮಾರು 80% ಬಡ ಮತ್ತು ಮಧ್ಯಮ ಆದಾಯದ ದೇಶಗಳ ಮೇಲಿದೆ, ಅದಕ್ಕಾಗಿ ಜಗತ್ತು ಮಾಡುವ ಖರ್ಚಿನಲ್ಲಿ ಅವುಗಳ ಪಾಲು ಬರೀ 5%.

ನನ್ನನ್ನ ತಡೆದು ನಿಲ್ಲಿಸಿದ್ದು ಮಾತ್ರ 2017ರ ವರದಿ. ಕ್ನೌಲ್ ಅಧ್ಯಕ್ಷತೆಯ ಲ್ಯಾನ್ಸೆಟ್ ಆಯೋಗ ಅಳೆದದ್ದು ನೋವನ್ನ. ಮಾರ್ಫಿನ್ ಲೆಕ್ಕದಲ್ಲಿ ಆಗ ಜಗತ್ತಿಗೆ ವರ್ಷಕ್ಕೆ ಹಂಚಿಕೆಯಾಗ್ತಿದ್ದ ನೋವಿನ ಔಷಧಿ 298.5 ಟನ್. ಅದರಲ್ಲಿ ಕಡುಬಡ ದೇಶಗಳಿಗೆ ಹೋಗ್ತಿದ್ದದ್ದು 0.1 ಟನ್, ಅಂದ್ರೆ ನೂರು ಕಿಲೋ! ಮಾರ್ಫಿನ್ ಹಳೇ ಔಷಧಿ, ಪೇಟೆಂಟ್ ಇಲ್ಲ, ಅಗ್ಗ. ಆ ದೇಶಗಳಲ್ಲಿ ಹೀಗೆ ನರಳೋ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ವರ್ಷಕ್ಕೆ 10 ಲಕ್ಷ ಡಾಲರ್ ಸಾಕು ಅಂತ ಆಯೋಗ ಲೆಕ್ಕ ಕೊಟ್ಟಿತು. ಹಾಗಾದ್ರೆ ಅಡ್ಡಿ ದುಡ್ಡೊಂದೇ ಅಲ್ಲ. ಚಟದ ಭಯ, ಬಿಗಿ ಕಾನೂನು, ಬರೆದುಕೊಡೋಕೆ ತರಬೇತಿ ಇಲ್ಲದ ಡಾಕ್ಟರುಗಳು.

ಇದಕ್ಕೆ ನಮ್ಮ ದೇಶವೇ ಸಾಕ್ಷಿ. ಮಾರ್ಫಿನ್ ಬರೋದು ಗಸಗಸೆ ಗಿಡದ ಅಫೀಮಿನಿಂದ. ಮಂದಸೌರ್, ನೀಮಚ್ ಕಡೆ ಸರ್ಕಾರದ ಪರವಾನಗಿಯಲ್ಲೇ ಅದನ್ನ ಬೆಳೀತಾರೆ, ಹೊರದೇಶಕ್ಕೂ ಕಳಿಸ್ತೀವಿ. ಆದ್ರೆ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಕಾಟಕ್ಕೆ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಜೊತೆಯವರು ವರ್ಷಗಟ್ಟಲೆ ಬೆನ್ನುಬಿದ್ದು, 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯ್ತು. ಕ್ನೌಲ್ ಆಯೋಗದಲ್ಲಿ ಅವರೂ ಇದ್ದರು.

ಇನ್ಶೂರೆನ್ಸ್ ಬಿಲ್ ಕಟ್ಟುತ್ತೆ ನಿಜ. ಆಸ್ಪತ್ರೆಯಲ್ಲಿ ಇಲ್ಲದ ಔಷಧಿಯನ್ನ ಅದು ತಂದುಕೊಡಲ್ಲ. ಮುಂದಿನ ಸಲ ಊರಿಗೆ ಹೋದಾಗ, ಅಪ್ಪ-ಅಮ್ಮನಿಗೆ ಹತ್ತಿರದ ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿ: ಇಲ್ಲಿ ಮಾರ್ಫಿನ್ ಸಿಗುತ್ತಾ?