ಬಾಡಿಗೆ ಕಟ್ಟಿದವರು ಯಾರು?

ಕೊರೊನಾ ಲಾಕ್‌ಡೌನಿನ ಹೊತ್ತು, 2020ರ ಮಾರ್ಚ್ 29ರ ಕೇಂದ್ರ ಗೃಹ ಸಚಿವಾಲಯದ ಆದೇಶ ಬೆಂಗಳೂರಿನ ಶ್ರೀರಾಂಪುರದ ನಮ್ಮ ವಠಾರಕ್ಕೆ ವಾಟ್ಸಾಪಿನಲ್ಲಿ ಬಂತು: ಕೂಲಿಕಾರರಿಂದ ಒಂದು ತಿಂಗಳ ಬಾಡಿಗೆ ಕೇಳಕೂಡದು, ಮನೆ ಬಿಡಿಸಿದರೆ ಕ್ರಮ. ಕೇಳಬೇಡಿ ಅಂದರು, ಸರಿ. ಕೊಡುವವರು ಯಾರು ಅಂತ ಬರೆದಿರಲಿಲ್ಲ. ನಾನೋ ಬಾಡಿಗೆ ದುಡ್ಡಿನಲ್ಲೇ ಬದುಕುವ ಮುದುಕಿ.

ಅದೇ ದಿನ ದಿಲ್ಲಿಯ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್, ಕಟ್ಟಲಾಗದ ಬಡವರ ಬಾಡಿಗೆಯನ್ನು ಸರ್ಕಾರವೇ ಕಟ್ಟುತ್ತದೆ ಎಂದರು. ದುಡ್ಡು ಬರಲಿಲ್ಲವೆಂದು ಬಾಡಿಗೆದಾರರು ಹೈಕೋರ್ಟಿಗೆ ಹೋದರು. 2021ರ ಜುಲೈನಲ್ಲಿ ನ್ಯಾಯಮೂರ್ತಿ ಪ್ರತಿಭಾ ಸಿಂಗ್, ಕೊಟ್ಟ ಮಾತಿಗೆ ಸರ್ಕಾರ ಬದ್ಧ ಎಂದರು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ಅಮೆರಿಕದಲ್ಲಿ ಬಾಡಿಗೆ ನೆರವಿಗೆಂದು ಎರಡು ಕಂತಿನಲ್ಲಿ 4,655 ಕೋಟಿ ಡಾಲರ್ ಎತ್ತಿಟ್ಟರು; ಸಾಮಾನ್ಯವಾಗಿ ನೇರ ಮಾಲೀಕರಿಗೇ ಸಂದಾಯ.

ಬೆಂಗಳೂರಿನಲ್ಲಿ ಆಸರೆಯಾದದ್ದು ಅಡ್ವಾನ್ಸು. ಹತ್ತು ತಿಂಗಳ ಬಾಡಿಗೆ ಮೊದಲೇ ಇಸಿದುಕೊಳ್ಳುವ ನಮ್ಮ ಪದ್ಧತಿಯನ್ನು ಹೊರಗಿನವರು ಬೈಯುತ್ತಾರೆ, ಬೈಯಲಿ ಬಿಡಿ. ಹಿಂದಿನ ಮನೆಯ ಗಾರ್ಮೆಂಟ್ಸ್ ಹುಡುಗಿ "ಅಮ್ಮಾ, ಅಡ್ವಾನ್ಸಲ್ಲೇ ಮುರ್ಕೊಳ್ಳಿ" ಅಂದಳು. ಡೈರಿಯಲ್ಲಿ ಬರೆದುಕೊಂಡೆ. ಆದರೆ ಆ ದುಡ್ಡು ಎಂದೋ ತಾರಸಿ ರಿಪೇರಿಗೆ ಹೋಗಿತ್ತಲ್ಲ! ಅವಳ ಉಳಿತಾಯ ಕರಗಿತು, ನನ್ನ ಕೈಗೆ ಕಾಸು ಸೇರಲಿಲ್ಲ. 2021ರ ಎರಡನೇ ಅಲೆಯ ಹೊತ್ತಿಗೆ ಮುರಿದುಕೊಳ್ಳಲು ಏನೂ ಉಳಿದಿರಲಿಲ್ಲ.