ಡಿಪ್ಟಿಕ್ ಅಂದರೆ ನಮ್ಮ ‘ಇಮ್ಮಡಿ’

ಮೈಸೂರಿನ ಅಗ್ರಹಾರದ ಹಳಬರ ಮುಂದೆ ‘ಮಡಿ’ ಎಂದರೆ ಗಳದ ಮೇಲೆ ಹರವಿದ ಮಡಿಬಟ್ಟೆ ನೆನಪಾಗುತ್ತದೆ. ಕನ್ನಡದಲ್ಲಿ ಇನ್ನೊಂದು ಮಡಿಯೂ ಇದೆ. ಅದು ಬಟ್ಟೆ, ಕಾಗದ ಮಡಿಸುವ ಮಡಿ. ಎರಡು ಮಡಿ ಸೇರಿದರೆ ಇಮ್ಮಡಿ, ಮೂರು ಸೇರಿದರೆ ಮುಮ್ಮಡಿ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಹೆಸರಲ್ಲಿ ಅದೇ ಪದ ‘ಮೂರನೆಯವರು’ ಎಂಬ ಅರ್ಥ ಕೊಡುತ್ತದೆ.

ಚಿತ್ರ ಪ್ರದರ್ಶನಕ್ಕೆ ಹೋದರೆ ಕೆಲವೊಮ್ಮೆ ಅಕ್ಕಪಕ್ಕದ ಎರಡು ಚಿತ್ರಗಳ ಕೆಳಗೆ ‘ಡಿಪ್ಟಿಕ್’ ಎಂಬ ಚೀಟಿ ಇರುತ್ತದೆ. ಎರಡೂ ಸೇರಿ ಒಂದೇ ಕೃತಿ ಎಂದರ್ಥ. ಪದ ಗ್ರೀಕ್ ಭಾಷೆಯದು. ‘ಡಿ’ ಅಂದರೆ ಎರಡು, ಉಳಿದದ್ದು ಮಡಿಕೆ. ನೇರವಾಗಿ ನಮ್ಮ ಇಮ್ಮಡಿಯೇ! ಮೂರು ಭಾಗದ ಟ್ರಿಪ್ಟಿಕ್ ಮುಮ್ಮಡಿ.

ಮೊದಲು ಡಿಪ್ಟಿಕ್ ಚಿತ್ರವಾಗಿರಲಿಲ್ಲ, ಬರೆಯುವ ಹಲಗೆಯಾಗಿತ್ತು. ಎರಡು ಹಲಗೆಗಳ ಒಳಮೈ ತುಸು ಕೆತ್ತಿ, ಮೇಣ ತುಂಬಿ, ಕೀಲು ಹಾಕಿ ಜೋಡಿಸುತ್ತಿದ್ದರು. ಚೂಪು ಕಡ್ಡಿಯಿಂದ ಲೆಕ್ಕ, ಪತ್ರ ಬರೆಯುತ್ತಿದ್ದರು. ಬೇಡವಾದರೆ ಮೇಣ ಸವರಿ ಅಳಿಸುತ್ತಿದ್ದರು. ಮುಚ್ಚಿದರೆ ಬರಹ ಒಳಗೆ ಭದ್ರ. ಟರ್ಕಿ ಕರಾವಳಿಯ ಉಲುಬುರುನ್ ಬಳಿ ಮುಳುಗಿದ ಹಡಗಿನಲ್ಲಿ ಸಿಕ್ಕ ಇಂಥ ಹಲಗೆಗೆ 3,300 ವರ್ಷದಷ್ಟು ವಯಸ್ಸು. ಮುಂದೆ ರೋಮನ್ ಅಧಿಕಾರಿಗಳು ದಂತದಲ್ಲಿ ಕೆತ್ತಿಸಿ ಉಡುಗೊರೆ ಕೊಟ್ಟರು. ಆಮೇಲೆ ಯುರೋಪಿನಲ್ಲಿ ಪ್ರಾರ್ಥನೆಗೆಂದು, ಮಡಿಸಿ ಒಯ್ಯಬಲ್ಲ ಜೋಡಿ ಚಿತ್ರಗಳು ಬಂದವು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ವಿಲ್ಟನ್ ಡಿಪ್ಟಿಕ್ ಅಂಥದ್ದು. ಇಂದು ಕೀಲೂ ಇಲ್ಲ, ಮಡಿಕೆಯೂ ಇಲ್ಲ, ಹೆಸರು ಮಾತ್ರ ಉಳಿದಿದೆ.

ನಮ್ಮಲ್ಲೂ ಹೀಗೇ ಆಗಿದೆ. ತಾಲ್ಲೂಕು ಕಚೇರಿಯಲ್ಲಿ ‘ಕಡತ ಮುಂದೆ ಹೋಗಿಲ್ಲ’ ಎಂಬ ಮಾತು ಯಾರು ಕೇಳಿಲ್ಲ? ಹಿಂದೆ ಕಡತ ಎಂದರೆ ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ, ಉದ್ದನೆಯ ಬಟ್ಟೆಗೆ ಬಳಿದು ಒಣಗಿಸಿ, ಒಂದರ ಮೇಲೊಂದು ಮಡಿಸುತ್ತಿದ್ದರು. ಆ ಕಪ್ಪು ಬಟ್ಟೆಯ ಮೇಲೆ ಬಳಪದ ಬಿಳಿ ಬರಹ. ಎರಡೇ ಮಡಿಕೆಯಲ್ಲ, ಹತ್ತಾರು. ಆದರೆ ಉಪಾಯ ಒಂದೇ: ಸುಲಭವಾಗಿ ಅಳಿಯುವ ಅಕ್ಷರವನ್ನು ಮಡಿಕೆಯೊಳಗೆ ಕಾಯುವುದು. ವ್ಯಾಪಾರಿಗಳ ಲೆಕ್ಕ, ಮಠಗಳ ವ್ಯವಹಾರ ಹೀಗೆ ಉಳಿದವು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಧಾರ.

ಹಬ್ಬಕ್ಕೆ ಅಟ್ಟ ಗುಡಿಸುವಾಗ ಕಪ್ಪು ಬಟ್ಟೆಯ ಇಂಥ ಕಟ್ಟು ಸಿಕ್ಕರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಿಸಿಲಿಗೂ ಹಾಕಬೇಡಿ. ಮೆಲ್ಲಗೆ ಬಿಡಿಸಿ, ಮಡಿಕೆ ಮಡಿಕೆಗೂ ಫೋಟೊ ತೆಗೆದಿಡಿ, ಊರಿನ ಇತಿಹಾಸ ಮೇಷ್ಟ್ರಿಗೆ ತೋರಿಸಿ. ನೂರಾರು ವರ್ಷ ಮಡಿಕೆ ಕಾದ ಅಕ್ಷರ ಒಂದು ಸಲ ಒರೆಸಿದರೆ ಹೋಯಿತು.